ಬಲಗೆನ್ನೆಯ ಗಾಳಿ

ಬಲಗೆನ್ನೆಗೆ ಗಾಳಿ ಬಡಿಯುತ್ತಿದ್ದರೆ ನಾನು ಯಾರಿಗೂ ದಾರಿ ಬಿಡುವುದಿಲ್ಲ. ಎಡಗೆನ್ನೆಗೆ ಬಡಿಯುತ್ತಿದ್ದರೆ ಆಡಿಗೂ ಬಿಡುತ್ತೇನೆ. ಸೇಡಂ ಬಜಾರಿನ ಮಂದಿಗೆ ಈ ಲೆಕ್ಕ ತಿಳಿಯದು. ಹೀಗಾಗಿ ಅವರ ಕಣ್ಣಿಗೆ ನಾನು ಕೆಲವು ದಿನ ಬಹಳ ಸಭ್ಯ ಮುದುಕ, ಕೆಲವು ದಿನ ಸೊಕ್ಕಿನ ಮುದುಕ. ಮೊನ್ನೆ ಕಿರಾಣಿ ಅಂಗಡಿಯ ತಿರುವಿನಲ್ಲಿ ಬೆಲ್ಲದ ಪೆಂಟಿ ಹೊತ್ತ ಹಮಾಲನೊಬ್ಬ ಎದುರಾದ. ಗಾಳಿ ನನ್ನ ಬಲಕ್ಕಿತ್ತು. ನಿಯಮದ ಪ್ರಕಾರ ನಾನು ಸೀದಾ ನಡೆದೆ. ಅವನಿಗೆ ನಿಯಮ ಗೊತ್ತಿರಲಿಲ್ಲ. ನಾನು ಎದ್ದು ಧೂಳು ಜಾಡಿಸಿಕೊಳ್ಳುತ್ತಿರುವಾಗ ಅಂಗಡಿಯವನು, "ಯಾಕ್ರಿ ಕಾಕಾ, ಕಣ್ಣು ಕಾಣಂಗಿಲ್ಲೇನು?" ಎಂದು ಕೇಳಿದ. ಕಣ್ಣಿನ ಮಾತಲ್ಲಪ್ಪ, ಇದು ಕೆನ್ನೆಯ ಮಾತು ಎಂದರೆ ಅವನು ನನ್ನ ಮನೆಗೆ ಹೇಳಿ ಕಳಿಸುತ್ತಿದ್ದ. ಸುಮ್ಮನೆ ಬಂದುಬಿಟ್ಟೆ.

ನಿಮಗೆ ಹೇಳುತ್ತೇನೆ. ಇದು ಹಾಯಿದೋಣಿ ಪಂದ್ಯದ ಕಾನೂನು. ನಗಬೇಡಿ. ಸಮುದ್ರ ಎಲ್ಲಿದೆ ಎಂದು ಕೇಳಿದರೆ ಮುಂಬಯಿ ರೈಲು ಹೋಗುವ ಕಡೆ ಕೈ ಮಾಡುವ ಊರಿನವನು ನಾನು ಎಂಬುದು ನನಗೂ ಗೊತ್ತಿದೆ.

ಚಿಕ್ಕಂದಿನಲ್ಲಿ ನಾನು ಕಂಡ ದೋಣಿ ಎಂದರೆ ಜೋಳದ ದಂಟಿನ ಬೆಂಡಿನದು. ದಂಟಿನ ಸಿಪ್ಪೆ ಸುಲಿದು ಒಳಗಿನ ಬೆಂಡಿನಲ್ಲಿ ನಾವು ಬಂಡಿ, ಎತ್ತು, ಕನ್ನಡಕ ಎಲ್ಲ ಮಾಡುತ್ತಿದ್ದೆವು. ದೋಣಿಯನ್ನು ಯಾರೂ ನೋಡಿರಲಿಲ್ಲ. ಬಂಡಿಯ ಗಾಲಿ ಮುರಿದರೆ ಅದನ್ನೇ ದೋಣಿ ಎಂದು ಕರೆದು ಅಳು ನುಂಗಿಕೊಳ್ಳುತ್ತಿದ್ದೆವು. ನಿಜಾಮರ ಕಾಲ, ಶಾಲೆಯೆಲ್ಲ ಉರ್ದುವಿನಲ್ಲಿ. ಮೂರನೆಯ ಜಮಾತಿನ ಪುಸ್ತಕದಲ್ಲಿ 'ಬಾದಬಾನ್' ಎಂಬ ಶಬ್ದ ಬಂತು. ದೋಣಿಯ ಹಾಯಿ ಎಂದು ಅರ್ಥ. ನಾನು ಎದ್ದು ನಿಂತು, ಅದು ಎಲ್ಲಿರುತ್ತದೆ ಎಂದು ಕೇಳಿದೆ. ಮೌಲ್ವಿ ಸಾಹೇಬರು ಸ್ವಲ್ಪ ಹೊತ್ತು ಯೋಚಿಸಿ, "ಕಿತಾಬ್ ಮೇ ರಹತಾ ಹೈ, ಬೇಟಾ" ಎಂದರು. ಅದು ಪುಸ್ತಕದಲ್ಲಿ ವಾಸಿಸುವ ವಸ್ತುವೆಂದು ನಾನು ಬಹಳ ವರ್ಷ ನಂಬಿದ್ದೆ.

ಇನ್ನು ದಾರಿ ಬಿಡುವ ವಿದ್ಯೆ. ಅದನ್ನು ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ನಾನು ಅಪ್ಪನ ಬೆರಳು ಹಿಡಿದು ಚಿತ್ತಾಪುರದ ಕಚೇರಿಗೆ ಹೋದಾಗ ಬಾಗಿಲಲ್ಲಿ ಇಬ್ಬರು ಗುಮಾಸ್ತರು ಎದುರುಬದುರಾಗಿ ನಿಂತಿದ್ದರು. "ಪೆಹಲೆ ಆಪ್" ಎಂದು ಒಬ್ಬರು ಕೈ ಚಾಚಿದರು. "ಅದ್ಹೆಂಗ್ರಿ, ನೀವು ಹಿರಿಯರು, ನೀವು ಬರ್ರಿ" ಎಂದು ಇನ್ನೊಬ್ಬರು ಎದೆಗೆ ಕೈ ಹಚ್ಚಿಕೊಂಡು ಬಾಗಿದರು. ಒಳಗೆ ಹೋಗಬೇಕಾದ ರೈತರು ಹೊರಗೆ ನಿಂತರು, ಹೊರಗೆ ಬರಬೇಕಾದವರು ಒಳಗೆ ನಿಂತರು. ಕಡೆಗೆ ಇಬ್ಬರೂ ಒಬ್ಬರ ಮರ್ಯಾದೆಗೆ ಇನ್ನೊಬ್ಬರು ಸೋತು ಒಮ್ಮೆಲೆ ಕಾಲಿಟ್ಟರು, ಚೌಕಟ್ಟಿನಲ್ಲಿ ಸಿಕ್ಕಿಕೊಂಡರು. ಉಳಿದವರು ನಕ್ಕರು. ನನಗೆ ಮಾತ್ರ ಎಂಥ ದೊಡ್ಡ ಮನುಷ್ಯರು ಎಂದು ಭಕ್ತಿ ಹುಟ್ಟಿತು. ನನ್ನ ಹಣೆಬರಹ ಅವತ್ತೇ ಅಪ್ಪನಿಗೆ ತಿಳಿಯಬೇಕಿತ್ತು.

ಅಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪಂದಿರು ಸೇಡಂ ಮನೆಯನ್ನು ಪಾಲು ಮಾಡಿದರು. ಪಂಚರ ಮುಂದೆ ಕೂಡಿಸಿಕೊಂಡು, "ನಿನಗ ಯಾವ ಕಡಿ ಬೇಕೋ ಚನ್ನಬಸು?" ಎಂದು ಕೇಳಿದರು. ನಾನು ಚಿತ್ತಾಪುರದ ಗುಮಾಸ್ತರನ್ನು ನೆನೆದು, "ನೀವು ಹಿರಿಯರು, ಕೊಟ್ಟದ್ದು ತಗೋತೀನ್ರಿ" ಎಂದೆ. ಕೊಟ್ಟರು. ದನದ ಕೊಟ್ಟಿಗೆ ಕೊಟ್ಟರು. ಅವ್ವ ದನ ಮೇಯುವ ಗೋದಲಿಯ ಪಕ್ಕದಲ್ಲಿ ಒಲೆ ಹೂಡಿದಳು. ಗಾಳಿ ಚೆನ್ನಾಗಿ ಬರುತ್ತದೆ ಎಂದು ನಾನು ಸಮಾಧಾನ ಹೇಳಿದೆ.

ಈ ಸುದ್ದಿ ಶಹಾಬಾದಿನಲ್ಲಿದ್ದ ಶರಣಪ್ಪ ಮಾಮನಿಗೆ ಮುಟ್ಟಿತು. ಮಾಮ ಎಂದರೆ ಅವ್ವನ ಅಣ್ಣ, ನನ್ನ ಸೋದರಮಾವ. ಅಲ್ಲಿಯ ಒಂದು ಕಲ್ಲಿನ ಕಂಪನಿಯಲ್ಲಿ ಓವರ್‌ಸಿಯರ್. ತಂಗಿ ಕೊಟ್ಟಿಗೆಯಲ್ಲಿ ಅಡಿಗೆ ಮಾಡುತ್ತಾಳೆ ಎಂದು ಕೇಳಿದ ದಿನ ಅವರು ಊಟ ಬಿಟ್ಟರಂತೆ. ಮರುದಿನ ನನ್ನನ್ನು ಕರೆಸಿ ಕಂಪನಿಯಲ್ಲಿ ಗುಮಾಸ್ತನ ಕೆಲಸಕ್ಕೆ ಹಚ್ಚಿದರು. ನಿದ್ದೆ ಕಂಪನಿಯ ಚಾಳಿನಲ್ಲಿ, ಊಟ ಮಾಮನ ಮನೆಯಲ್ಲಿ. ಆ ಮನೆಯಲ್ಲಿ ನೀಲಮ್ಮ ಇದ್ದಳು.

ನೀಲಮ್ಮ ಮಾಮನ ಒಬ್ಬಳೇ ಮಗಳು. ಅವಳು ತೊಟ್ಟಿಲಲ್ಲಿದ್ದಾಗಲೇ ಅವ್ವ ಮತ್ತು ಮಾಮ ಇಬ್ಬರೂ ಇವಳು ಚನ್ನಬಸುಗೆ ಎಂದು ಆಡಿಕೊಂಡಿದ್ದರು. ಹಾಗೆ ಆಡಿಕೊಂಡ ಹುಡುಗಿ ದೊಡ್ಡವಳಾದ ಮೇಲೆ ಹುಡುಗನ ಸಂಗಡ ನೇರ ಮಾತಾಡಬಾರದು ಎಂಬುದು ನಮ್ಮಲ್ಲಿಯ ರಿವಾಜು. ನೀಲಮ್ಮ ರಿವಾಜು ಮುರಿಯಲಿಲ್ಲ. ನನಗೆ ಹೇಳಬೇಕಾದದ್ದನ್ನೆಲ್ಲ ರೊಟ್ಟಿ ಬುಟ್ಟಿಗೆ ಹೇಳುತ್ತಿದ್ದಳು. "ಹೊಟ್ಟಿ ತುಂಬಿಲ್ಲಂದ್ರ ಬಾಯಿ ಬಿಟ್ಟು ಕೇಳಬೇಕು, ರೊಟ್ಟಿ ತಾನಾಗಿ ಎದ್ದು ಬರಂಗಿಲ್ಲ" ಎಂದು ಅವಳು ಬುಟ್ಟಿಗೆ ಹೇಳಿದರೆ ಬುಟ್ಟಿ ಸುಮ್ಮನಿರುತ್ತಿತ್ತು, ನಾನೂ ಸುಮ್ಮನಿರುತ್ತಿದ್ದೆ. ಎಷ್ಟೋ ಸಲ ಅರ್ಧ ಹೊಟ್ಟೆಯಲ್ಲಿ ಎದ್ದು ಹೋಗಿದ್ದೇನೆ.

ಮಾಮ ಇದನ್ನೆಲ್ಲ ನೋಡುತ್ತಿದ್ದರು. ಕೊಟ್ಟಿಗೆಯ ಸಿಟ್ಟು ಅವರಿಗೆ ಇಳಿದಿರಲಿಲ್ಲ. ಅದೇ ಹೊತ್ತಿಗೆ ಚಿಂಚೋಳಿ ಕಡೆಯ ಒಬ್ಬ ಪಟೇಲರ ಮನೆಯಿಂದ ನೀಲಮ್ಮನಿಗೆ ಸಂಬಂಧ ಬಂತು. ಆ ಹುಡುಗನನ್ನು ನಾನು ನೋಡಿಲ್ಲ, ಆದರೆ ಅವನ ದನಿಯ ಖ್ಯಾತಿ ಕೇಳಿದ್ದೇನೆ. ಓಣಿಯ ತುದಿಯಲ್ಲಿ ಅವನು ಮಾತಾಡಿದರೆ ಮನೆಯ ಗೋಡೆಗೂಡಿನಲ್ಲಿದ್ದ ತಂಬಿಗೆ ಅಲುಗುತ್ತಿತ್ತಂತೆ. ಮಾಮ ಅವ್ವನಿಗೆ ಹೇಳಿ ಕಳಿಸಿದರು: "ದನಿ ಇಲ್ಲದವಗ ಹೆಣ್ಣು ಹೆಂಗ ಕೊಡಲಿ? ಮಳಿಗಾಲ ಮುಗಿಯೋತನ ನೋಡ್ತೀನಿ."

ಇನ್ನು ದೋಣಿಯ ಕತೆ. ಕಂಪನಿಯ ದೊಡ್ಡ ಇಂಜಿನಿಯರು ಒಬ್ಬ ಬಿಳಿಯ ಸಾಹೇಬ. ತೊಲೆಯಂತೆ ಉದ್ದವಿದ್ದುದರಿಂದ ಮಂದಿ ಅವನನ್ನು ಲಂಬೂ ಸಾಹೇಬ ಎನ್ನುತ್ತಿದ್ದರು. ಸಮುದ್ರದ ದಂಡೆಯಲ್ಲಿ ಹುಟ್ಟಿದವನು, ನಮ್ಮ ಕಲ್ಲಿನ ಸೀಮೆಗೆ ಬಂದು ಬಿದ್ದಿದ್ದ. ಪಂಪಿನ ಮನೆಗೆಂದು ಕಾಗಿಣಾ ಹೊಳೆಗೆ ಕಂಪನಿಯವರು ಕಟ್ಟಿದ ಒಡ್ಡಿನ ಹಿಂದೆ ನೀರು ಹರವಾಗಿ ನಿಲ್ಲುತ್ತಿತ್ತು. ಅದನ್ನು ಕಂಡ ದಿನದಿಂದ ಅವನಿಗೆ ನಿದ್ದೆ ಇಲ್ಲ. ಕಾಗದದ ಮೇಲೆ ಚಿತ್ರ ಬರೆದುಕೊಟ್ಟು ಮಾಮನ ಕೈಯಲ್ಲಿ ಒಂದು ಹಾಯಿದೋಣಿ ಮಾಡಿಸಿದ, ನಡೆಸುವುದನ್ನೂ ಮಾಮನಿಗೆ ಕಲಿಸಿದ. ಒಂದೇ ದೋಣಿಯಿಂದ ಪಂದ್ಯವಾಗುವುದಿಲ್ಲವಲ್ಲ. ಮುಂಬಯಿಯಿಂದ ಇನ್ನೊಂದನ್ನು ಗೂಡ್ಸ್ ಗಾಡಿಯಲ್ಲಿ ತರಿಸಿದ.

ಆ ದೋಣಿ ಶಹಾಬಾದಿನಲ್ಲಿ ಇಳಿಯಬೇಕಿತ್ತು. ಇಳಿಸಬೇಕಾದವರು ಅದನ್ನು ನೋಡಿ ಇದು ಏನೆಂದು ತೀರ್ಮಾನವಾಗದೆ ಮುಂದಕ್ಕೆ ಕಳಿಸಿಬಿಟ್ಟರು. ವಾಡಿ ಜಂಕ್ಷನ್ನಿನಲ್ಲಿ ಅದು ಬಿದ್ದಿದೆ ಎಂದು ತಂತಿ ಬಂತು. ಬಂಡಿ ಕಟ್ಟಿಸಿಕೊಂಡು ತರಲು ನನ್ನನ್ನು ಕಳಿಸಿದರು. ವಾಡಿಯಲ್ಲಿ ಜನ ಸೇರಿದ್ದರು. ದನಕ್ಕೆ ನೀರು ಕುಡಿಸುವ ಬಾನಿ ಎಂದು ಕೆಲವರು, ಯಾರೋ ದೊಡ್ಡ ಸಾಹೇಬನ ಹೆಣದ ಪೆಟ್ಟಿಗೆ ಎಂದು ಕೆಲವರು. ಒಬ್ಬ ಮುದುಕಿ ಯಾವುದಕ್ಕೂ ಇರಲಿ ಎಂದು ಕೈ ಮುಗಿದಳು. ನಾನು ಅದನ್ನು ಬಂಡಿಗೆ ಹೇರಿಸಿ ಹೊರಟೆ. ದಾರಿಯಲ್ಲಿ ಕಾಗಿಣಾ ಹೊಳೆ ಅಡ್ಡ ಬಂತು. ಬೇಸಿಗೆ, ಮೊಳಕಾಲುದ್ದ ನೀರು. ದೋಣಿಯನ್ನು ಬಂಡಿಯ ಮೇಲೆ ಕೂಡಿಸಿ, ನಾನು ಧೋತರ ಎತ್ತಿ ಕಟ್ಟಿಕೊಂಡು ನೀರಿನಲ್ಲಿ ನಡೆಯುತ್ತ ಹೊಳೆ ದಾಟಿಸಿದೆ. ಅದರಲ್ಲಿ ಏನಾದರೂ ತಮಾಷೆ ಇದೆ ಎಂದು ಆಗ ನನಗೆ ಹೊಳೆಯಲಿಲ್ಲ. ಬಂಡಿಯವನಿಗೆ ಹೊಳೆದಿತ್ತು, ಆದರೆ ಅವನೂ ಮರ್ಯಾದಸ್ಥ.

ಮಳೆಗಾಲ ಹಿಡಿಯುತ್ತಲೇ ಲಂಬೂ ಸಾಹೇಬ ಖಣಿಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ. ಪಂದ್ಯ ಬಿಡಲು ಮನಸ್ಸಿಲ್ಲ. ತನ್ನ ದೋಣಿಯನ್ನು ಯಾರು ನಡೆಸಬೇಕು? ಅದನ್ನು ತಂದವನು ಯಾರು ಎಂದು ವಿಚಾರಿಸಿದ. ಈ ಗುಮಾಸ್ತನೇ ದೋಣಿಯನ್ನು ಹೊಳೆ ದಾಟಿಸಿ ತಂದನೆಂದು ಯಾರೋ ಹೇಳಿದರು. ಸಾಹೇಬನ ಮುಖ ಅರಳಿತು. "ಶಾಬಾಸ್! ತುಮ್ ಚಲಾಯೇಗಾ" ಎಂದು ನನ್ನ ಭುಜ ತಟ್ಟಿದ. ದೋಣಿ ಬಂಡಿಯ ಮೇಲಿತ್ತು ಎಂದು ನಾನು ಹೇಳಬಹುದಾಗಿತ್ತು. ಸಾಹೇಬ ಅಷ್ಟು ಖುಷಿಯಾಗಿರುವಾಗ ಹೇಗೆ ಹೇಳುವುದು? ಎದುರಾಳಿ ಶರಣಪ್ಪ ಮಾಮ ಎಂದು ತಿಳಿದದ್ದು ಆಮೇಲೆ.

ಪಾಠ ರಾತ್ರಿ ಊಟಕ್ಕೆ ಕೂತಾಗ ನಡೆಯುತ್ತಿತ್ತು. ಎದುರಾಳಿಯೇ ಗುರು, ಸಾಹೇಬನನ್ನು ಬಿಟ್ಟರೆ ಬೇರೆ ಯಾರಿಗೂ ಬರುತ್ತಿರಲಿಲ್ಲ. ಮನೆಯ ನೆಲಕ್ಕೆ ಶಹಾಬಾದಿ ಕಲ್ಲಿನ ಹಾಸು. ಅದೇ ಕೆರೆ. ಎರಡು ಬಟ್ಟಲು ಎರಡು ದೋಣಿ. ಗಾಳಿ ಬರುವ ದಿಕ್ಕು ಬೇಕಲ್ಲ, ಮಾಮ ಒಲೆಯ ಕಡೆ ಕೈ ಮಾಡಿ, "ಗಾಳಿ ಅಲ್ಲಿಂದ ಬರತದ ಅಂತ ತಿಳಕೊ" ಎಂದರು. ಒಲೆಯ ಮುಂದೆ ಊದುಗೊಳವೆ ಹಿಡಿದು ನೀಲಮ್ಮ ಕೂತಿದ್ದಳು.

"ಗಾಳಿಗೆದುರಾಗಿ ಸೀದಾ ಹೋಗಾಕ ಬರಂಗಿಲ್ಲ" ಎಂದು ಮಾಮ ಬಟ್ಟಲು ಸರಿಸಿದರು. "ಹೆಣ್ಣು ಕೇಳಾಕ ಹೋದಂಗ. ಹೋದ ಕೂಡ್ಲೆ ಹೆಣ್ಣು ಕೊಡ್ರಿ ಅಂತಾರೇನು? ಮೊದಲ ಮಳಿ ಮಾತು, ಆ ಕಡಿ ಹೊರಳಬೇಕು. ಆಮ್ಯಾಲ ಎತ್ತಿನ ಮಾತು, ಈ ಕಡಿ ಹೊರಳಬೇಕು. ಹಿಂಗ ಹೊರಳಿ ಹೊರಳಿ ಹೋಗಿ ಮುಟ್ಟಬೇಕು. ತಿಳೀತು?"

ತಿಳಿಯಿತು ಎಂದೆ. ನನ್ನ ಬಟ್ಟಲು ಎಲ್ಲ ಪಾಠದಲ್ಲಿಯೂ ಆ ಕಡೆ ಈ ಕಡೆ ಹೊರಳುತ್ತ ನೀಲಮ್ಮನ ಕಡೆಗೇ ಹೋಗುತ್ತಿತ್ತು. ಇಷ್ಟು ಒಳ್ಳೆಯ ಪಾಠ ನಾನು ಯಾವ ಜಮಾತಿನಲ್ಲಿಯೂ ಕಲಿತಿರಲಿಲ್ಲ.

ಯುಕ್ತಿಗಳೂ ಇದ್ದವು. ಎದುರಾಳಿಗೂ ಗಾಳಿಗೂ ನಡುವೆ ಹೋಗಿ ನಿಂತರೆ ಅವನ ಹಾಯಿ ಸೊರಗುತ್ತದೆ. ಇದಕ್ಕೆ ಗಾಳಿ ಕದಿಯುವುದು ಎಂದು ಹೆಸರು. "ನಮ್ಮ ಮನಿಗಿ ಬಂದ ಬೀಗರು ಚಳಿಗಾಲದಾಗ ಒಲಿ ಮುಂದ ಕುಂತಂಗ" ಎಂದು ನೀಲಮ್ಮ ಬುಟ್ಟಿಗೆ ವಿವರಿಸಿದಳು. ಇನ್ನೊಂದು, ಮುಂದೆ ಇರುವವನು ಹಿಂದಿನವನ ಮೇಲೆ ಕಣ್ಣಿಟ್ಟು ಅವನು ಹೊರಳಿದಾಗಲೆಲ್ಲ ತಾನೂ ಹೊರಳಬೇಕು. ನನ್ನ ದೊಡ್ಡಮ್ಮ ನೆರೆಮನೆಯವರ ಸೀರೆ ನೋಡಿ ಸೀರೆ ಕೊಳ್ಳುತ್ತಿದ್ದುದು ಇದೇ ಯುಕ್ತಿ. ನೀರಿನ ಮೇಲೆ ಕಪ್ಪು ನೆರಿಗೆ ಕಂಡರೆ ಅಲ್ಲಿ ಗಾಳಿ ಇದೆ. ನೀರಿನಲ್ಲಿ ತೇಲಿಬಿಟ್ಟ ನಿಶಾನಿಯ ಡ್ರಮ್ಮನ್ನು ಸುತ್ತಿ ಬರಬೇಕು, ಮುಟ್ಟಬಾರದು. ಇದೆಲ್ಲ ನನಗೆ ಬೇಗ ಬಂತು.

ಬಾರದೆ ಹೋದದ್ದು ದಾರಿಯ ಕಾನೂನು. "ಗಾಳಿ ಯಾರ ಬಲಗೆನ್ನಿಗಿ ಬಡೀತದೋ ದಾರಿ ಅಂವಂದು. ಎಡಗೆನ್ನಿಯವ ಸರೀಬೇಕು. ಅಂವ ರಾಜ ಇರಲಿ, ಅಪ್ಪ ಇರಲಿ, ಮಾಮ ಇರಲಿ" ಎಂದು ಮಾಮ ನನ್ನನ್ನು ದಿಟ್ಟಿಸಿದರು. "ಮತ್ತ ಹಕ್ಕಿದ್ದವ ಏನು ಮಾಡಬೇಕು? 'ದಾರಿ ನಂದು' ಅಂತ ಒದರಬೇಕು. ಒದರಿ ಸೀದಾ ಹೋಗಬೇಕು. ಹೊಯ್ದಾಡಬಾರದು. ಹಕ್ಕಿದ್ದವ ಹೊಯ್ದಾಡಿದರ ಸರಿಯೋವಗ ಎಲ್ಲಿ ಸರೀಬೇಕು ತಿಳಿಯಂಗಿಲ್ಲ." ಈ ಕೊನೆಯ ಎರಡು ಮಾತು ಹೇಳುವಾಗ ನೀಲಮ್ಮ ನನ್ನ ತಾಟಿಗೆ ಶೇಂಗಾ ಹಿಂಡಿ ಬಡಿಸಿದಳು. ಹಾಗಾಗಿ ಕಾನೂನಿನ ಮೊದಲ ಅರ್ಧ ನನ್ನ ಕಿವಿಗೆ ಬಿತ್ತು, ಉಳಿದ ಅರ್ಧ ಹಿಂಡಿಗೆ ಬಿತ್ತು.

ಒದರುವುದನ್ನು ಕಲಿಯಲು ನಾನು ಸಾಯಂಕಾಲ ಹಳೆಯ ಕಲ್ಲಿನ ಖಣಿಗೆ ಹೋಗುತ್ತಿದ್ದೆ. ಸುತ್ತ ಕಲ್ಲಿನ ಗೋಡೆ, ಯಾರೂ ಇಲ್ಲ. "ದಾರಿ ನಂದು" ಎಂದು ಕೂಗಿದೆ. ಎದುರಿನ ಗೋಡೆ "ನಂದು" ಎಂದಿತು. ರೂಢಿ ನೋಡಿ, ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ. ಮತ್ತೊಂದು ದಿನ ಧೈರ್ಯ ಮಾಡಿ ಗಟ್ಟಿಯಾಗಿ ಕೂಗಿದಾಗ ಕೆಳಗೆ ನೆರಳಿನಲ್ಲಿ ಮಲಗಿದ್ದ ಕಲ್ಲು ಕಡಿಯುವವನೊಬ್ಬ ಎದ್ದು ಕೂತು, "ತಗೊಂಡು ಹೋಗ್ರಿ ಬಾಬು, ಯಾರು ಬ್ಯಾಡ ಅಂದಾರ?" ಎಂದ. ನಾನು ಅವನ ಕ್ಷಮೆ ಕೇಳಿ ಮನೆಗೆ ಬಂದೆ.

ಶ್ರಾವಣದ ಒಂದು ರವಿವಾರ ಪಂದ್ಯ. ಪಡುವಣ ಗಾಳಿ ಜೋರಾಗಿತ್ತು. ಒಡ್ಡಿನ ಮೇಲೆ ಸಾಹೇಬ ಕುರ್ಚಿ ಹಾಕಿಸಿ, ಮುರಿದ ಕಾಲನ್ನು ಕಲ್ಲಿನ ಮೇಲಿಟ್ಟುಕೊಂಡು ಕೂತಿದ್ದ. ಪಂಪಿನ ಮನೆಯ ಖಾಜಾಮಿಯಾ ತೂಗುಹಾಕಿದ ರೈಲು ಹಳಿಯ ತುಂಡನ್ನು ಬಾರಿಸಿದರೆ ಪಂದ್ಯ ಶುರು. ಚಾಳಿನ ಮಂದಿಯೆಲ್ಲ ಬಂದಿದ್ದರು. ಸೇಡಂನಿಂದ ಅವ್ವ ಬಂದಿದ್ದಳು. ನನಗೆ ಈಜು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಭಾವಿಯಲ್ಲಿ ಈಜು ಕಲಿಯುವ ಹುಡುಗರಿಗೆ ಕಟ್ಟುವಂತೆ ಎರಡು ಒಣ ಸೋರೆಬುರುಡೆಗಳನ್ನು ಎಲ್ಲರ ಎದುರಿಗೇ ನನ್ನ ಸೊಂಟಕ್ಕೆ ಕಟ್ಟಿದಳು. ನೀಲಮ್ಮ ನಕ್ಕಳೋ ಇಲ್ಲವೋ ತಿಳಿಯಲಿಲ್ಲ. ಎಲ್ಲರೂ ನಗುತ್ತಿದ್ದುದರಿಂದ ಅವಳ ನಗುವನ್ನು ಬೇರೆ ಮಾಡಿ ನೋಡುವುದು ಕಷ್ಟವಾಗಿತ್ತು.

ಖಾಜಾಮಿಯಾ ಹಳಿ ಬಾರಿಸಿದ. ಪಂದ್ಯ ಶುರುವಾಗುವ ಗೆರೆಯ ಹತ್ತಿರ ನಾನೇ ಮುಂದಿದ್ದೆ. ಹಿರಿಯರು ಮೊದಲು ದಾಟಲಿ ಎಂದು ಹಾಯಿಯ ಹಗ್ಗ ಸಡಿಲಿಸಿದೆ. ಒಡ್ಡಿನ ಮೇಲಿಂದ ಸಾಹೇಬ ಕಿರುಚಿದ್ದು ನನಗೆ ಪ್ರೋತ್ಸಾಹದಂತೆ ಕೇಳಿಸಿತು.

ಆಮೇಲೆ ಮಳೆಯ ಮಾತು, ಎತ್ತಿನ ಮಾತು ಎಂದು ಇಬ್ಬರೂ ಹೊರಳುತ್ತ ಮೇಲಕ್ಕೆ ಹೋದೆವು. ನಡುನೀರಿನಲ್ಲಿ ನಮ್ಮ ದಾರಿಗಳು ಅಡ್ಡ ಬಂದವು. ಗಾಳಿ ನನ್ನ ಬಲಗೆನ್ನೆಗೆ ರಪ್ಪನೆ ಬಡಿಯುತ್ತಿತ್ತು. ಹಕ್ಕು ನನ್ನದು. ಎದುರಿಗೆ ಶರಣಪ್ಪ ಮಾಮ, ಕೇಸರಿ ರುಮಾಲು, ಹುಬ್ಬು ಗಂಟಿಕ್ಕಿದ ಮುಖ. "ದಾರಿ" ಎನ್ನುವಷ್ಟು ಬಾಯಿ ತೆರೆದೆ. ತಂದೆಯ ಸಮಾನರಾದ ಮನುಷ್ಯರಿಗೆ ಪಕ್ಕಕ್ಕೆ ಸರಿಯಿರಿ ಎಂದು ಹೇಳುವುದೇ? ಬಾಯಿ ಮುಚ್ಚಿ ಚುಕ್ಕಾಣಿ ತಿರುಗಿಸಿ ಅವರ ಬೆನ್ನ ಹಿಂದಿನಿಂದ ದಾಟಿಕೊಳ್ಳಲು ಹೊರಟೆ. ಅದೇ ಗಳಿಗೆಗೆ ಮಾಮ, ಕಾನೂನಿಗೆ ತಲೆಬಾಗಿ, ನನ್ನ ಬೆನ್ನ ಹಿಂದಿನಿಂದ ದಾಟಿಕೊಳ್ಳಲು ತಿರುಗಿಸಿದರು. ಇಬ್ಬರೂ ಮರ್ಯಾದೆಯಿಂದ ಒಬ್ಬರಿಗೊಬ್ಬರು ದಾರಿ ಬಿಟ್ಟು ಮೂತಿಗೆ ಮೂತಿ ಡಿಕ್ಕಿ ಹೊಡೆದೆವು. ಚಿತ್ತಾಪುರದ ಬಾಗಿಲು ಕಾಗಿಣಾದ ನಡುವೆ ಬಂದು ನಿಂತಿತ್ತು. ಮಾಮನ ರುಮಾಲು ನೀರಿಗೆ ಬಿತ್ತು.

"ನೀ ಯಾಕ ತಿರುಗಿಸಿದಿ?" ಎಂದರು ಮಾಮ, ಬರಿದಲೆಯಲ್ಲಿ.

"ನೀವು ಹಿರಿಯರು ಅಂತ..."

ಮಾಮ ನೀರಿಗೆ ಬಾಗಿ ರುಮಾಲು ಎತ್ತಿಕೊಂಡರು. ಸಾಹೇಬ ಒಡ್ಡಿನ ಮೇಲೆ ತೀರ್ಪು ಕೊಟ್ಟ. ಹಕ್ಕಿದ್ದವನು ಸೀದಾ ಹೋಗಲಿಲ್ಲ, ತಪ್ಪು ನನ್ನದು. "ಜಿಸ್ಕಾ ಹಕ್, ಉಸ್ಕಾ ರಾಸ್ತಾ! ಚಿಲ್ಲಾವ್!" ಎಂದು, ಕೂಗಬೇಕಿತ್ತು ಎಂಬಂತೆ ಕೋಲಿನಿಂದ ಕಲ್ಲು ಕುಟ್ಟಿದ. ದೋಣಿಗಳ ಮೂತಿ ಬಡಿದು ಸರಿಮಾಡಿ ಬಿಸಿಲು ಇಳಿದ ಮೇಲೆ ಮತ್ತೊಮ್ಮೆ ಓಡಿಸಬೇಕು ಎಂದ.

ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದರು. ಒದ್ದೆ ರುಮಾಲನ್ನು ಟೊಂಗೆಗೆ ಹರವಿ ಮಾಮ ಅವ್ವನ ಎದುರಿಗೆ ಕೂತರು. ನಾನು ಕೇಳಲಿ ಎಂದೇ ದನಿ ತಗ್ಗಿಸಲಿಲ್ಲ.

"ತಂಗಿ, ಅವತ್ತು ಮನಿ ಹೋಯ್ತು. ಇವತ್ತು ದೋಣಿ ಹೋಯ್ತು. ನಾಳಿ ಯಾರಾದರೂ ಬಂದು ನನ್ನ ಮಗಳನ್ನ ಕೇಳಿದರ ಇಂವ ಏನಂತಾನ? 'ನೀವು ಹಿರಿಯರು, ಕರಕೊಂಡು ಹೋಗ್ರಿ' ಅಂತಾನ. ಕೊಟ್ಟಿಗಿ ಒಳಗ ನೀ ಕುಂತಿ. ಆಕಿನೂ ತಂದು ಕುಂದ್ರಸಲೇನು? ಆಗಂಗಿಲ್ಲವ್ವ. ನಾಳಿ ಸೋಮವಾರ ಚಿಂಚೋಳಿಯವರು ಬರಾಕತ್ತಾರ. ಹೂಂ ಅಂತೀನಿ."

ಅವ್ವ ತಲೆ ತಗ್ಗಿಸಿದಳು. ಅವಳು ನನ್ನ ಪರವಾಗಿ ಒಂದು ಮಾತು ಆಡಿದ್ದರೆ ಚೆನ್ನಾಗಿತ್ತು. ಆಡಲು ಏನಿತ್ತು? ನಾನು ರೊಟ್ಟಿಯನ್ನು ಬುತ್ತಿಯಲ್ಲೇ ಮಡಚಿಟ್ಟೆ. ಮಾಮ ಕೈ ತೊಳೆಯಲು ನೀರಿನ ಕಡೆ ಹೋದಾಗ ನೀಲಮ್ಮ ಬುಟ್ಟಿ ಹಿಡಿದು ಬಂದಳು. ನನ್ನ ಕಡೆ ನೋಡಲಿಲ್ಲ. ಬುಟ್ಟಿಯ ಮೇಲಿನ ಅರಿವೆ ಸರಿಪಡಿಸುತ್ತ ಅದಕ್ಕೇ ಹೇಳಿದಳು.

"ದಾರಿ ಕೇಳಲಾರದವರು ನನ್ನ ಹೆಂಗ ಕೇಳ್ತಾರ? ನಾನಂತೂ ಕಾಯ್ಲಿಕತ್ತೀನಿ. ಕೇಳಲಿಲ್ಲಂದ್ರ ಚಿಂಚೋಳಿಗಿ ಹೋಗ್ತೀನಿ. ಅಲ್ಲಿ ಬುಟ್ಟಿ ಜೋಡಿ ಮಾತಾಡಿದರ ಕೇಳೋರು ಯಾರಿರ್ತಾರ?"

ಕಡೆಯ ಮಾತಿಗೆ ಅವಳ ದನಿ ನಡುಗಿತು. ಅಲ್ಲಿಯತನಕ ಅವಳಿಗೆ ನಾನು ಬೇಕೋ ಬೇಡವೋ ಎಂಬುದೇ ನನಗೆ ಗೊತ್ತಿರಲಿಲ್ಲ. ಕೇಳಿದ್ದರೆ ತಾನೇ ಗೊತ್ತಾಗುವುದು.

ಎರಡನೆಯ ಸಲ ಹಳಿ ಬಾರಿಸಿದಾಗ ನಾನು ಗೆರೆಯಲ್ಲಿ ಯಾರಿಗೂ ದಾರಿ ಬಿಡಲಿಲ್ಲ. ನೀರಿನ ಮೇಲೆ ಕಪ್ಪು ನೆರಿಗೆ ಕಂಡಲ್ಲಿಗೆ ಹೋದೆ. ಮಾಮನ ಗಾಳಿಯನ್ನೂ ಒಂದಿಷ್ಟು ಕದ್ದೆ. ಕದ್ದ ಮೇಲೆ ಅಭ್ಯಾಸಬಲದಿಂದ ಕೈ ಮುಗಿದೆ, ಅಷ್ಟರಲ್ಲಿ ಅವರು ಮುಂದೆ ಹೋಗಿದ್ದರು. ಹೀಗೆ ಹೊರಳುತ್ತ ಹೊರಳುತ್ತ ಮೇಲಿನ ಡ್ರಮ್ಮಿನ ಹತ್ತಿರ ಮತ್ತೆ ಅಡ್ಡ ಬಂದೆವು. ಮತ್ತೆ ಗಾಳಿ ನನ್ನ ಬಲಗೆನ್ನೆಗೆ. ಮತ್ತೆ ಹಕ್ಕು ನನ್ನದು.

ಈ ಸಲ ಮಾಮ ತಿರುಗಿಸಲಿಲ್ಲ. ಹಸಿ ರುಮಾಲು ಬಿಗಿದುಕೊಂಡು, ನನ್ನನ್ನೇ ನೋಡುತ್ತ, ಸೀದಾ ಬಂದರು. ಕಾನೂನು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬಂದರು. ನಾನು ಬಾಯಿ ಬಿಡುವತನಕ ಸರಿಯುವುದಿಲ್ಲ ಎಂದು ಅವರ ಮುಖದ ಮೇಲೆ ಬರೆದಿತ್ತು. ದೋಣಿ ಹತ್ತಿರವಾಯಿತು. ಅವರ ಮೀಸೆಯ ಬಿಳಿ ಕೂದಲು ಕಾಣಿಸಿತು. ನನಗೆ ಭಯವಾಯಿತು. ನೀರಿನ ಭಯವಲ್ಲ, ಸೊಂಟದಲ್ಲಿ ಬುರುಡೆ ಇತ್ತು. ನಾಳೆ ಸೋಮವಾರ ಎಂಬ ಭಯ.

"ಮಾಮಾ! ಸರೀರಿ!" ಎಂದು ಒದರಿದೆ. "ದಾರಿ ನಂದು!"

ಅಲ್ಲಿಗೆ ನಿಲ್ಲಿಸಬೇಕಿತ್ತು. ಕಾನೂನು ಅಷ್ಟೇ ಕೇಳುತ್ತದೆ. ಆದರೆ ಇಷ್ಟು ವರ್ಷ ಒಳಗೇ ಇದ್ದ ದನಿ ಒಮ್ಮೆ ಬಾಗಿಲು ತೆರೆದದ್ದನ್ನು ಕಂಡು ಪೂರ್ತಿ ಹೊರಗೆ ಬಂದುಬಿಟ್ಟಿತು.

"ದಾರಿ ನಂದು! ನೀಲಮ್ಮ ನನ್ನಾಕಿ! ಆಕಿನ್ನ ಯಾರಿಗೂ ಬಿಡಂಗಿಲ್ಲ!"

ಮಾಮ ಚುಕ್ಕಾಣಿಯನ್ನು ಎಳೆದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವರ ದೋಣಿ ನನ್ನ ಬೆನ್ನ ಹಿಂದಿನಿಂದ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಿಂದ ದಾಟಿತು. ದಾಟುವಾಗ ಅವರು ಮೆಲ್ಲಗೆ ಹೇಳಿದ್ದು ನನಗೊಬ್ಬನಿಗೇ ಕೇಳಿಸಿತು. "ಇಷ್ಟು ತಡಾ ಮಾಡಿದೇನೋ ಮಗನ?"

ನಾನು ಪಂದ್ಯ ಗೆದ್ದೆ ಎಂದು ನೀವು ತಿಳಿಯಬಾರದು. ನನ್ನ ದನಿ ಕೇಳಿ ನನಗೇ ಅಷ್ಟು ಗಾಬರಿಯಾಯಿತು ಎಂದರೆ, ಕೈಯಲ್ಲಿದ್ದ ಹಗ್ಗ ಬಿಟ್ಟುಬಿಟ್ಟೆ. ಹಾಯಿ ಪಟಪಟನೆ ಹೊಡೆದುಕೊಂಡಿತು, ದೋಣಿ ಹೋಗಿ ಡ್ರಮ್ಮಿಗೆ ತಾಗಿ ನಿಂತಿತು. ಮುಟ್ಟಬಾರದ ನಿಶಾನಿಯನ್ನು ನಾನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದೆ. ಮಾಮ ಸುತ್ತಿಕೊಂಡು ಹೋಗಿ ಗೆದ್ದರು. ಸಾಹೇಬನಿಗೆ ಕನ್ನಡ ಬಾರದು. ಹುಡುಗ ಅಷ್ಟುದ್ದ ಏನು ಕೂಗಿದ ಎಂದು ಖಾಜಾಮಿಯಾನನ್ನು ಕೇಳಿದನಂತೆ. "ಕಾನೂನ್ ಬೋಲಾ ಸಾಬ್" ಎಂದು ಖಾಜಾಮಿಯಾ ಹೇಳಿದ. ಅದು ಎಷ್ಟನೆಯ ಕಾನೂನು ಎಂದು ಸಾಹೇಬ ಬಹಳ ದಿನ ತಲೆ ಕೆರೆದುಕೊಂಡನೆಂದು ಕೇಳಿದ್ದೇನೆ.

ದಂಡೆಗೆ ಬಂದಾಗ ಅವ್ವ ಓಡಿಬಂದು ಬುರುಡೆ ಬಿಚ್ಚುತ್ತ, "ಹಿರಿಯರಿಗಿ ಹಂಗ ಒದರ್ತಾರೇನೋ?" ಎಂದು ಬೆನ್ನಿಗೆ ಗುದ್ದಿದಳು. ಅಳುತ್ತಿದ್ದಳು, ನಗುತ್ತಿದ್ದಳು. ಮಾಮ ಅವಳ ಕೈ ಹಿಡಿದು, "ಬಿಡವ್ವ, ಸೋಮವಾರ ಬರೋರಿಗಿ ಚಹಾ ಕುಡಿಸಿ ಕಳಸ್ತೀನಿ" ಎಂದರು. ನೀಲಮ್ಮ ದೂರ ನಿಂತಿದ್ದಳು. ಮುಖ ಕೆಂಪಾಗಿತ್ತು. "ಊರ ಮಂದಿ ಮುಂದ ಒದರೋದೇನು? ನಾ ಏನು ದಾರಿಯಾ?" ಎಂದು ಬುಟ್ಟಿಗೆ ಚೆನ್ನಾಗಿ ಬೈದಳು. ಬುಟ್ಟಿಯನ್ನು ಎದೆಗೆ ಅವಚಿಕೊಂಡಿದ್ದಳು.

ಮಾಘದಲ್ಲಿ ಮದುವೆಯಾಯಿತು. ಸೇಡಂ ಮನೆಯ ಮುಂದಿನ ಕೋಣೆಗಳೂ ಕೆಲವು ದಿನಗಳಲ್ಲಿ ನಮ್ಮ ಪಾಲಿಗೆ ಬಂದವು. ಅದಕ್ಕಾಗಿ ದೊಡ್ಡಪ್ಪಂದಿರ ಅಂಗಳದಲ್ಲಿ ನಿಂತು ಒದರಿದವನು ನಾನಲ್ಲ ಎಂದಷ್ಟೇ ಹೇಳುತ್ತೇನೆ. ಅವ್ವ ಕಡೆಯ ದಿನಗಳನ್ನು ಒಳ್ಳೆಯ ಅಡಿಗೆಮನೆಯಲ್ಲಿ ಕಳೆದಳು. ಸಾಹೇಬ ತನ್ನ ದೇಶಕ್ಕೆ ಹೋದ. ನಾನು ವಾಡಿಯಿಂದ ತಂದ ದೋಣಿ ಕೈಯಿಂದ ಕೈಗೆ ಹೋಗಿ ಕೋಡ್ಲಾದ ಒಬ್ಬ ರೈತನ ಹೊಲ ಸೇರಿತು. ಹಾಯಿ ಕಿತ್ತು, ಕಂಬ ಕಿತ್ತು, ದನಕ್ಕೆ ನೀರು ಕುಡಿಸುವ ಬಾನಿ ಮಾಡಿಕೊಂಡಿದ್ದ. ವಾಡಿಯ ಮಂದಿ ಅದನ್ನು ನೋಡಿದ ದಿನವೇ ಹೇಳಿದ್ದರಲ್ಲ.

ಒದರಿದ ಆ ದನಿ ಮೊನ್ನೆಯತನಕ ಮತ್ತೆ ಬರಲಿಲ್ಲ. ಮನೆಯಲ್ಲಿ ನಾನು ಎಂದೂ ಗಟ್ಟಿಯಾಗಿ ಏನನ್ನೂ ಕೇಳಿದವನಲ್ಲ. ಉಪ್ಪು ಕಡಿಮೆಯಾದರೆ ಬುಟ್ಟಿಗೆ ಹೇಳುತ್ತೇನೆ. ಉಳಿದದ್ದು ಈ ಕೆನ್ನೆಯ ಚಟ ಒಂದೇ.

ಬೆಲ್ಲದ ಹಮಾಲನಿಗೆ ಡಿಕ್ಕಿ ಹೊಡೆದು ಬಂದೆ ಎಂದೆನಲ್ಲ, ಅವತ್ತಿನ ಮಾತು. ಮೊಣಕೈ ತರಚಿತ್ತು. ಮನೆಯ ಬಾಗಿಲಿಗೆ ಬಂದರೆ ನೀಲಮ್ಮ ಕೋಲು ಊರಿಕೊಂಡು ಹೊರಗೆ ಹೊರಟಿದ್ದಳು. ಹೊಸ್ತಿಲ ಈಚೆ ನಾನು, ಆಚೆ ಅವಳು. ಗಾಳಿ ನನ್ನ ಬಲಗೆನ್ನೆಗಿತ್ತು. ಆದರೂ ರೂಢಿಯಂತೆ ನಾನು ಪಕ್ಕಕ್ಕೆ ಸರಿದೆ. ಅವಳು ಹೊರಗೆ ಬರಲಿಲ್ಲ. ನನ್ನ ಮೊಣಕೈ ನೋಡಿದಳು, ಧೋತರದ ಧೂಳು ನೋಡಿದಳು, ಎಲೆ ಅಲುಗುತ್ತಿದ್ದ ಎದುರುಮನೆಯ ಬೇವಿನ ಗಿಡ ನೋಡಿದಳು.

"ಗಾಳಿ ನಿಮ್ಮ ಬಲಕ್ಕದ ಅಲ್ಲೇನ್ರಿ?" ಎಂದಳು. "ಹಮಾಲಗ ಬಿಡಂಗಿಲ್ಲ, ನನಗ ಯಾಕ ಬಿಡ್ತೀರಿ? ಕೇಳ್ರಿ."

ನಾನು ಓಣಿಯ ಆ ಕಡೆ ಈ ಕಡೆ ನೋಡಿ ಮೆಲ್ಲಗೆ, "ದಾರಿ ನಂದು" ಎಂದೆ.

ಅವಳು ಹೊಸ್ತಿಲಿನಿಂದ ಕದಲಲಿಲ್ಲ.

"ಅಷ್ಟೇನು? ಮುಂದಿಂದು?"

ನಳದ ಹತ್ತಿರ ನಾಲ್ಕು ಮಂದಿ ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು. ಓಣಿಯ ತುದಿಯಿಂದ ಕಿರಾಣಿ ಅಂಗಡಿಯವನೂ ಇತ್ತಲೇ ನೋಡುತ್ತಿದ್ದ. ಇರಲಿ ಎಂದು ಒದರಿಯೇಬಿಟ್ಟೆ.